ಮೀಟರಿನ ಕೆಂಪು ದೀಪದ ಸಾಕ್ಷಿಯಲ್ಲಿ: ಮನೆಯ ವಿದ್ಯುತ್ ಬಳಕೆಯ ಮಾಪಕ ಕಟ್ಟಿದ ದಾಖಲೆ

ತಿಂಗಳಿಗೊಮ್ಮೆ ಬರುವ ವಿದ್ಯುತ್ ಬಿಲ್ಲು ಇಡೀ ಮನೆಯ ಬಳಕೆಯನ್ನು ಒಂದೇ ಸಂಖ್ಯೆಯಲ್ಲಿ ಹೇಳಿ ಮುಗಿಸುತ್ತದೆ. ಆ ಯೂನಿಟ್‌ಗಳಲ್ಲಿ ಫ್ರಿಜ್ಜಿನ ಪಾಲೆಷ್ಟು, ನೀರು ಕಾಯಿಸುವ ಹೀಟರಿನ ಪಾಲೆಷ್ಟು, ಎಲ್ಲರೂ ಮಲಗಿದ ಮೇಲೂ ಸದ್ದಿಲ್ಲದೆ ಹರಿಯುತ್ತಿರುವುದೆಷ್ಟು ಎಂಬುದು ಅದರಿಂದ ತಿಳಿಯುವುದಿಲ್ಲ. ಅದನ್ನು ತಿಳಿದೇ ತೀರಬೇಕೆಂದು ಕಟ್ಟಿದ ಸಾಧನದ ದಾಖಲೆ ಇದು. ಸಾಧನವನ್ನು ಎರಡು ಸಲ ಕಟ್ಟಬೇಕಾಯಿತು. ಮೊದಲನೆಯದು ನೋಡಲು ಸರಿಯಾಗಿಯೇ ಕೆಲಸ ಮಾಡುತ್ತಿತ್ತು, ಆದರೆ ಅದು ತೋರಿಸುತ್ತಿದ್ದ ಸಂಖ್ಯೆ ತಪ್ಪಾಗಿತ್ತು. ಆ ತಪ್ಪು ಹೇಗೆ ಬಯಲಾಯಿತು ಎಂಬುದು ಸಾಧನದ ಜೋಡಣೆಗಿಂತ ಹೆಚ್ಚು ಉಪಯುಕ್ತವೆಂದು ನನಗನಿಸುವುದರಿಂದ ಆ ಭಾಗವನ್ನು ವಿವರವಾಗಿಯೇ ಬರೆದಿದ್ದೇನೆ. ಗೊಂದಲವಾಗದಿರಲೆಂದು, ವಿದ್ಯುತ್ ಪೂರೈಸುವವರು ಸೀಲ್ ಮಾಡಿ ಕೂರಿಸಿರುವುದನ್ನು ಇಲ್ಲಿ ‘ಮೀಟರ್’ ಎಂದೂ ನಾನು ಕಟ್ಟಿದ್ದನ್ನು ‘ಮಾಪಕ’ ಎಂದೂ ಕರೆಯುತ್ತೇನೆ.

ಮೊದಲ ಮಾಪಕಕ್ಕೆ ಬಳಸಿದ್ದು ಎಸ್‌ಸಿಟಿ-013-000 ಎಂಬ ಬಾಯಿ ತೆರೆಯುವ ಕರೆಂಟ್ ಟ್ರಾನ್ಸ್‌ಫಾರ್ಮರ್, ಅಂದರೆ ತಂತಿಯಲ್ಲಿ ಹರಿಯುವ ಕರೆಂಟನ್ನು ಹೊರಗಿನಿಂದಲೇ ಅಳೆಯುವ ಸಿ.ಟಿ., ಮತ್ತು ಇಎಸ್‌ಪಿ32 ಎಂಬ, ವೈಫೈ ಇರುವ ಒಂದು ಸಣ್ಣ ಮೈಕ್ರೋಕಂಟ್ರೋಲರ್ ಬೋರ್ಡ್. ಈ ಸಿ.ಟಿ.ಯ ಫೆರೈಟ್ ತಿರುಳಿನ ಸುತ್ತ 2000 ಸುತ್ತಿನ ಸುರುಳಿ ಇದೆ. ಅದರೊಳಗೆ ಹಾದುಹೋಗುವ ತಂತಿಯಲ್ಲಿ 100 ಆಂಪಿಯರ್ ಹರಿದರೆ ಸುರುಳಿಯಲ್ಲಿ 50 ಮಿಲಿ ಆಂಪಿಯರ್ ಹರಿಯುತ್ತದೆ. ಈ ಸಣ್ಣ ಕರೆಂಟನ್ನು ವೋಲ್ಟೇಜ್ ಆಗಿ ಬದಲಿಸಲು ಸುರುಳಿಯ ಎರಡು ತುದಿಗಳ ನಡುವೆ ಬರ್ಡನ್ ರೆಸಿಸ್ಟರ್ ಬೇಕು. 100 ಆಂಪಿಯರಿನ ಅಲೆಯ ತುದಿ 141 ಆಂಪಿಯರ್ ಮುಟ್ಟುತ್ತದೆ, ಆಗ ಸುರುಳಿಯಲ್ಲಿ ಸುಮಾರು 70.7 ಮಿಲಿ ಆಂಪಿಯರ್ ಇರುತ್ತದೆ, ಬೋರ್ಡಿನ 3.3 ವೋಲ್ಟಿನ ಅರ್ಧ, ಅಂದರೆ 1.65 ವೋಲ್ಟಿನೊಳಗೆ ಆ ತುದಿ ನಿಲ್ಲಬೇಕಾದರೆ ರೆಸಿಸ್ಟರ್ 23.3 ಓಮ್ ಮೀರಬಾರದು. ಹಾಗಾಗಿ 22 ಓಮ್ ಹಾಕಿದೆ. ಮೇಲೆ ಕೆಳಗೆ ಆಡುವ ಅಲೆಯನ್ನು ಬೋರ್ಡ್ ಓದಬೇಕೆಂದರೆ ಅದನ್ನು ನಡುಮಟ್ಟಕ್ಕೆ ಎತ್ತಿ ಕೂರಿಸಬೇಕು. ಅದಕ್ಕೆ ಎರಡು 10 ಕಿಲೋ ಓಮ್ ರೆಸಿಸ್ಟರ್‌ಗಳು ಮತ್ತು ಒಂದು 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಸಾಕು. ಸಿಗ್ನಲ್ ತಂತಿಯನ್ನು 34ನೆಯ ಪಿನ್ನಿಗೆ ಕೊಟ್ಟೆ, ಏಕೆಂದರೆ ಇಎಸ್‌ಪಿ32ರ ಎರಡು ಎಡಿಸಿ (ವೋಲ್ಟೇಜನ್ನು ಸಂಖ್ಯೆಯಾಗಿ ಬದಲಿಸುವ ಭಾಗ) ಗುಂಪುಗಳಲ್ಲಿ ಎರಡನೆಯದು ವೈಫೈ ನಡೆಯುತ್ತಿರುವಾಗ ಕೈಕೊಡುತ್ತದೆ.

ಸಿ.ಟಿ.ಯನ್ನು ಒಂದೇ ತಂತಿಯ ಸುತ್ತ, ಫೇಸ್ ಅಥವಾ ನ್ಯೂಟ್ರಲ್ ಯಾವುದಾದರೊಂದರ ಸುತ್ತ ಮಾತ್ರ ಕಚ್ಚಿಸಬೇಕು. ಎರಡನ್ನೂ ಸೇರಿಸಿ ಕಚ್ಚಿಸಿದರೆ ಹೋಗುವ ಕರೆಂಟೂ ಬರುವ ಕರೆಂಟೂ ಒಂದನ್ನೊಂದು ಅಳಿಸಿ ಮಾಪಕ ಸೊನ್ನೆ ತೋರಿಸುತ್ತದೆ. ಇನ್ನೊಂದು ಎಚ್ಚರಿಕೆ ಇದಕ್ಕಿಂತ ಮುಖ್ಯ. ಬರ್ಡನ್ ರೆಸಿಸ್ಟರನ್ನು ಮೊದಲು ಜೋಡಿಸಿ, ಆಮೇಲೆ ಸಿ.ಟಿ.ಯನ್ನು ತಂತಿಗೆ ಹಾಕಬೇಕು. ಮುಖ್ಯ ತಂತಿಯಲ್ಲಿ ಕರೆಂಟ್ ಹರಿಯುತ್ತಿರುವಾಗ ಸಿ.ಟಿ.ಯ ತುದಿಗಳು ತೆರೆದಿದ್ದರೆ ಅಲ್ಲಿ ಅಪಾಯಕಾರಿ ವೋಲ್ಟೇಜ್ ಹುಟ್ಟಬಹುದು.

ಮೊದಲ ಮಾಪಕದಲ್ಲಿ ನಾನು ಅಳೆಯುತ್ತಿದ್ದುದು ಕರೆಂಟನ್ನು ಮಾತ್ರ. ಅದನ್ನು 230ರಿಂದ ಗುಣಿಸಿ ಬಂದ ಉತ್ತರವನ್ನು ವ್ಯಾಟ್ ಎಂದು ಬರೆದುಕೊಳ್ಳುತ್ತಿದ್ದೆ. ಹಗಲಿನಲ್ಲಿ ಹೀಟರ್ ಅಥವಾ ಇಸ್ತ್ರಿಪೆಟ್ಟಿಗೆ ನಡೆಯುವಾಗ ಸಂಖ್ಯೆಗಳು ನಂಬುವಂತಿದ್ದವು. ರಾತ್ರಿಯ ಸಂಖ್ಯೆ ಮಾತ್ರ ನನ್ನನ್ನು ಕಾಡಿತು. ದೀಪ, ಫ್ಯಾನ್ ಎಲ್ಲ ಆರಿಸಿ ಫ್ರಿಜ್ ಮತ್ತು ನಾಲ್ಕಾರು ಸಣ್ಣ ಉಪಕರಣಗಳಷ್ಟೇ ಉಳಿದಿದ್ದ ಹೊತ್ತಿನಲ್ಲಿ ಮಾಪಕ 214 ವ್ಯಾಟ್ ತೋರಿಸುತ್ತಿತ್ತು.

ಇದನ್ನು ಪರೀಕ್ಷಿಸಲು ಹೊಸ ಉಪಕರಣವೇನೂ ಬೇಕಿರಲಿಲ್ಲ. ಇಂದಿನ ಎಲೆಕ್ಟ್ರಾನಿಕ್ ಮೀಟರ್‌ಗಳ ಮುಖದ ಮೇಲೆ ಮಿನುಗುವ ಸಣ್ಣ ಕೆಂಪು ದೀಪವೊಂದು ಇರುತ್ತದೆ, ಪಕ್ಕದಲ್ಲಿ ಒಂದು ಯೂನಿಟ್ಟಿಗೆ ಅದು ಎಷ್ಟು ಸಲ ಮಿನುಗುತ್ತದೆ ಎಂದು ಅಚ್ಚಾಗಿರುತ್ತದೆ. ನಮ್ಮ ಮೀಟರಿನಲ್ಲಿ ಆ ಸಂಖ್ಯೆ 3200. ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. ಅದನ್ನು 3200ರಿಂದ ಭಾಗಿಸಿದರೆ ಒಂದು ಮಿನುಗಿಗೆ 1125 ಜೂಲ್ ಸಿಗುತ್ತದೆ. ಎರಡು ಮಿನುಗುಗಳ ನಡುವಿನ ಸೆಕೆಂಡುಗಳಿಂದ 1125ನ್ನು ಭಾಗಿಸಿದರೆ ಆ ಕ್ಷಣದ ವ್ಯಾಟ್ ಕೈಗೆ ಬಂದಂತೆ. ಫ್ರಿಜ್ಜಿನ ಕಂಪ್ರೆಸರ್ ಓಡುತ್ತಿದ್ದಾಗ ಮೊಬೈಲಿನಲ್ಲಿ ವಿಡಿಯೋ ಹಿಡಿದು ಎಣಿಸಿದೆ: 20 ಮಿನುಗುಗಳಿಗೆ 188 ಸೆಕೆಂಡು ಹಿಡಿದಿತ್ತು. ಲೆಕ್ಕ ಹಾಕಿದರೆ 120 ವ್ಯಾಟ್. ನನ್ನ ಮಾಪಕ ಹೇಳುತ್ತಿದ್ದುದು ಹೆಚ್ಚುಕಡಿಮೆ ಅದರ ಎರಡರಷ್ಟು.

ಮೊದಲು ನಾನು ಸಂಶಯಪಟ್ಟದ್ದು ಎಡಿಸಿಯ ಗದ್ದಲವನ್ನು, ಅಂದರೆ ಸಿಗ್ನಲಿನಲ್ಲಿ ಬೆರೆಯುವ ಬೇಡದ ಏರಿಳಿತವನ್ನು. ಸಂಶಯಕ್ಕೆ ಕಾರಣವೂ ಇತ್ತು. 3.3 ವೋಲ್ಟನ್ನು 4096 ಮೆಟ್ಟಿಲುಗಳಾಗಿ ಕತ್ತರಿಸಿದರೆ ಒಂದು ಮೆಟ್ಟಿಲು ಸುಮಾರು 0.8 ಮಿಲಿವೋಲ್ಟ್. 22 ಓಮ್ ರೆಸಿಸ್ಟರಿನ ಮೇಲೆ ಒಂದು ಆಂಪಿಯರ್ ಕರೆಂಟ್ ಮೂಡಿಸುವುದು ಬರೀ 11 ಮಿಲಿವೋಲ್ಟ್. ಅಂದರೆ ಒಂದೊಂದು ಮೆಟ್ಟಿಲೂ ಹತ್ತಿರ ಹತ್ತಿರ 17 ವೋಲ್ಟ್-ಆಂಪಿಯರಿಗೆ (ವೋಲ್ಟೇಜನ್ನು ಕರೆಂಟಿನಿಂದ ಗುಣಿಸಿದರೆ ಬರುವ ಅಳತೆ) ಸಮ. ನೂರು ಆಂಪಿಯರಿನವರೆಗೆ ಅಳೆಯಬಲ್ಲ ಅಳತೆಗೋಲಿನಲ್ಲಿ ರಾತ್ರಿಯ ಅರ್ಧ ಆಂಪಿಯರನ್ನು ಹುಡುಕುವುದೆಂದರೆ ಧಾನ್ಯದ ಮೂಟೆ ತೂಗುವ ತಕ್ಕಡಿಯಲ್ಲಿ ಚಿನ್ನ ತೂಗಿದಂತೆ. ಸಿ.ಟಿ.ಯನ್ನು ತಂತಿಯಿಂದ ಬಿಡಿಸಿ ಸುಮ್ಮನೆ ಮೇಜಿನ ಮೇಲಿಟ್ಟರೂ ಮಾಪಕ 0.18 ಆಂಪಿಯರ್, ಅಂದರೆ 41 ವೋಲ್ಟ್-ಆಂಪಿಯರ್ ತೋರಿಸುತ್ತಿತ್ತು.

ಹಾಗಾದರೆ 214ರಿಂದ 41 ಕಳೆದುಬಿಡಬಹುದೇ? ಕಳೆಯಬಾರದು. ಆರ್‌ಎಂಎಸ್ ಲೆಕ್ಕದಲ್ಲಿ, ಅಂದರೆ ಅಲೆಯ ವರ್ಗಗಳ ಸರಾಸರಿಯ ವರ್ಗಮೂಲ ತೆಗೆಯುವ ಲೆಕ್ಕದಲ್ಲಿ, ಗದ್ದಲ ಸೇರಿಕೊಳ್ಳುವುದು ವರ್ಗಗಳ ರೂಪದಲ್ಲಿ, ಆದ್ದರಿಂದ ಕಳೆಯುವುದನ್ನೂ ವರ್ಗಗಳಲ್ಲಿಯೇ ಮಾಡಬೇಕು. 214 ಎಂದರೆ 0.93 ಆಂಪಿಯರ್; ಅದರ ವರ್ಗದಿಂದ 0.18ರ ವರ್ಗವನ್ನು ಕಳೆದು ವರ್ಗಮೂಲ ತೆಗೆದರೆ 0.91 ಉಳಿಯುತ್ತದೆ, ಅಂದರೆ 210. ಗದ್ದಲದ ಪಾಲು ಕೇವಲ ನಾಲ್ಕು. ಉಳಿದ ತೊಂಬತ್ತರ ವ್ಯತ್ಯಾಸಕ್ಕೆ ಕಾರಣ ಬೇರೆಯೇ ಇತ್ತು.

ಆ ಕಾರಣ ಪವರ್ ಫ್ಯಾಕ್ಟರ್, ಅಂದರೆ ವೋಲ್ಟ್-ಆಂಪಿಯರಿನಲ್ಲಿ ನೈಜ ವ್ಯಾಟಿನ ಪಾಲು. ಪರ್ಯಾಯ ವಿದ್ಯುತ್ತಿನಲ್ಲಿ ನೈಜ ವ್ಯಾಟ್ ಸಿಗಬೇಕೆಂದರೆ ಪ್ರತಿ ಕ್ಷಣದ ವೋಲ್ಟೇಜನ್ನು ಅದೇ ಕ್ಷಣದ ಕರೆಂಟಿನಿಂದ ಗುಣಿಸಿ, ಬಂದ ಗುಣಲಬ್ಧಗಳ ಸರಾಸರಿ ತೆಗೆಯಬೇಕು. ಹೀಟರಿನಲ್ಲಿ ಎರಡು ಅಲೆಗಳೂ ಹೆಜ್ಜೆ ಕೂಡಿಸಿ ನಡೆಯುವುದರಿಂದ ಆರ್‌ಎಂಎಸ್ ಸಂಖ್ಯೆಗಳನ್ನು ಗುಣಿಸಿದರೂ ಉತ್ತರ ಅದೇ ಬರುತ್ತದೆ. ಫ್ರಿಜ್ಜಿನ ಮೋಟಾರಿನಲ್ಲಿ ಕರೆಂಟು ವೋಲ್ಟೇಜಿಗಿಂತ ಹಿಂದೆ ಬೀಳುತ್ತದೆ. ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್, ರೌಟರ್‌ಗಳ ಸಣ್ಣ ವಿದ್ಯುತ್ ಮೂಲಗಳು ವೋಲ್ಟೇಜ್ ಅಲೆ ತನ್ನ ತುದಿ ಮುಟ್ಟುವ ಹೊತ್ತಿನಲ್ಲಿ ಮಾತ್ರ ಗಬಕ್ಕನೆ ಕರೆಂಟ್ ಎಳೆದುಕೊಂಡು ಉಳಿದ ಹೊತ್ತು ಸುಮ್ಮನಿರುತ್ತವೆ. ಈ ಎರಡೂ ಬಗೆಯ ಉಪಕರಣಗಳಲ್ಲಿ ವೋಲ್ಟ್-ಆಂಪಿಯರ್ ದೊಡ್ಡದು, ವ್ಯಾಟ್ ಚಿಕ್ಕದು. 120ನ್ನು 210ರಿಂದ ಭಾಗಿಸಿದರೆ 0.57, ಆ ರಾತ್ರಿ ನಮ್ಮ ಮನೆಯ ಪವರ್ ಫ್ಯಾಕ್ಟರ್ ಅದು. ಮೀಟರ್ ಯೂನಿಟ್ ಎಣಿಸುವುದು ನೈಜ ವ್ಯಾಟಿನ ಲೆಕ್ಕದಲ್ಲಿ. ಹೀಗಾಗಿ ನನ್ನ ಮೊದಲ ಮಾಪಕ, ಅದರ ಪ್ರತಿಯೊಂದು ಭಾಗವೂ ಸರಿಯಾಗಿದ್ದಾಗಲೂ, ನನ್ನ ಪ್ರಶ್ನೆಗೆ ಉತ್ತರ ಕೊಡಲಾರದ ಸಾಧನವಾಗಿತ್ತು. ಕರೆಂಟೊಂದನ್ನೇ ಅಳೆಯುವ ಯಾವ ಮಾಪಕದ ಮೇಲೆ ‘ವ್ಯಾಟ್’ ಎಂದು ಬರೆದಿದ್ದರೂ ಅದನ್ನು ಅನುಮಾನದಿಂದಲೇ ನೋಡಬೇಕು.

ಎರಡನೆಯ ಸಲ ವೋಲ್ಟೇಜನ್ನೂ ಅಳೆಯುವ ಪಿಝೆಡ್‌ಇಎಂ-004ಟಿ ಮಾಡ್ಯೂಲಿನ ಮೂರನೆಯ ಆವೃತ್ತಿಯನ್ನು ಆರಿಸಿಕೊಂಡೆ. ವೋಲ್ಟೇಜ್, ಕರೆಂಟ್, ನೈಜ ವ್ಯಾಟ್, ಪವರ್ ಫ್ಯಾಕ್ಟರ್, ಆವರ್ತನ ಮತ್ತು ಒಟ್ಟು ಬಳಕೆ ಈ ಆರನ್ನೂ ಅದು ತಾನೇ ಲೆಕ್ಕ ಹಾಕಿ ಮಾಡ್‌ಬಸ್ ಎಂಬ ಯಂತ್ರಗಳ ಸಂವಹನ ಭಾಷೆಯಲ್ಲಿ, 9600 ಬಾಡ್ ವೇಗದಲ್ಲಿ ಹೇಳುತ್ತದೆ. 100 ಆಂಪಿಯರಿನ ಮಾದರಿ 0.4 ವ್ಯಾಟಿನಿಂದ ಮೇಲಿನ ಬಳಕೆಯನ್ನು 0.1 ವ್ಯಾಟಿನ ಹಂತಗಳಲ್ಲಿ ತೋರಿಸುತ್ತದೆ.

ಇಲ್ಲಿ ಸುರಕ್ಷತೆಯ ಮಾತನ್ನು ಒತ್ತಿ ಹೇಳಬೇಕು. ಮೊದಲ ಮಾಪಕ ಮನೆಯ ತಂತಿಗಳಿಗೆ ಎಲ್ಲೂ ವಿದ್ಯುತ್ ಸಂಪರ್ಕ ಹೊಂದಿರಲಿಲ್ಲ, ಸಿ.ಟಿ. ತಂತಿಯ ಹೊದಿಕೆಯ ಮೇಲೆಯೇ ಕೂತಿತ್ತು. ಈ ಮಾಡ್ಯೂಲಿಗೆ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ನೇರವಾಗಿ ಕೊಡಬೇಕು, ಅದರ ಬೋರ್ಡಿನ ಅರ್ಧ ಭಾಗ ಸದಾ ಮುಖ್ಯ ವಿದ್ಯುತ್ತಿನ ಮಟ್ಟದಲ್ಲಿಯೇ ಇರುತ್ತದೆ. ಸಂವಹನದ ಕಡೆಯನ್ನು, ಬೆಳಕಿನ ಮೂಲಕ ಸಂಕೇತ ದಾಟಿಸುವ ಆಪ್ಟೋಕಪ್ಲರ್‌ಗಳು ಬೇರ್ಪಡಿಸುತ್ತವಾದರೂ ಅಡಿಯ ಬೆಸುಗೆಯ ಬಿಂದುಗಳು ಹೊದಿಕೆಯಿಲ್ಲದೆ ತೆರೆದಿವೆ. ಮೇನ್ ಸ್ವಿಚ್ ಆರಿಸಿದ ಮಾತ್ರಕ್ಕೆ ಅದರ ಮೇಲಿನ ತುದಿಗಳಲ್ಲಿ ವಿದ್ಯುತ್ ಇಲ್ಲವೆಂದು ತಿಳಿಯುವುದು ಪ್ರಾಣಕ್ಕೇ ಕುತ್ತು; ಮೀಟರಿನಿಂದ ಬರುವ ತಂತಿ ಆಗಲೂ ಜೀವಂತವಾಗಿರುತ್ತದೆ. ಆದ್ದರಿಂದ ಮಾಡ್ಯೂಲನ್ನು ಮುಚ್ಚಿದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಕೂರಿಸುವವರೆಗಿನ ಕೆಲಸ ನನ್ನದಾಯಿತು. ಡಿಸ್ಟ್ರಿಬ್ಯೂಷನ್ ಬೋರ್ಡ್ ತೆರೆದು, ಪ್ರತ್ಯೇಕವಾದ ಸಣ್ಣ ಎಂಸಿಬಿಯ (ಕರೆಂಟ್ ಮಿತಿ ಮೀರಿದರೆ ತಾನೇ ಆರುವ ಸ್ವಿಚ್) ಮೂಲಕ ಫೇಸ್ ತೆಗೆದುಕೊಟ್ಟು, ಸಿ.ಟಿ.ಯನ್ನು ಕಚ್ಚಿಸಿದ್ದು ಪರವಾನಗಿ ಹೊಂದಿದ ಎಲೆಕ್ಟ್ರಿಷಿಯನ್. ಇದನ್ನು ಓದಿ ಮಾಡಹೊರಡುವವರೂ ಹಾಗೆಯೇ ಮಾಡಲಿ ಎಂಬುದು ನನ್ನ ಕಳಕಳಿ.

ಮಾಡ್ಯೂಲ್ ಮತ್ತು ಇಎಸ್‌ಪಿ32 ನಡುವಿನ ಮಾತುಕತೆ ಮೊದಲ ದಿನ ತಡವರಿಸಿತು. ಸಂವಹನದ ಕಡೆಗೆ 3.3 ವೋಲ್ಟ್ ಕೊಟ್ಟಾಗ ಹತ್ತು ಪ್ರಶ್ನೆಗಳಲ್ಲಿ ಮೂರ್ನಾಲ್ಕಕ್ಕೆ ಉತ್ತರವೇ ಬರುತ್ತಿರಲಿಲ್ಲ, ಏಕೆಂದರೆ ಆಪ್ಟೋಕಪ್ಲರಿನ ಒಳದೀಪ ಸರಿಯಾಗಿ ಹೊತ್ತಲು ಅಷ್ಟು ವೋಲ್ಟೇಜ್ ಸಾಲದು. 5 ವೋಲ್ಟ್ ಕೊಟ್ಟು, ನಡುವೆ 5 ಮತ್ತು 3.3 ವೋಲ್ಟಿನ ಸಂಕೇತಗಳನ್ನು ಹೊಂದಿಸುವ ಲಾಜಿಕ್ ಲೆವೆಲ್ ಪರಿವರ್ತಕದ ಸಣ್ಣ ಬೋರ್ಡ್ ಹಾಕಿದ ಮೇಲೆ ಒಂದು ಪ್ರಶ್ನೆಯೂ ತಪ್ಪಲಿಲ್ಲ. ಬೋರ್ಡಿನ ತಂತ್ರಾಂಶಕ್ಕೆ ಇಎಸ್‌ಪಿಹೋಮ್ ಬಳಸಿದೆ, ಓದುವಿಕೆಗಳ ಸಂಗ್ರಹಕ್ಕೆ ಹೋಮ್ ಅಸಿಸ್ಟೆಂಟ್ ಎಂಬ ತಂತ್ರಾಂಶ. ಒಂದು ವಿಷಯವನ್ನು ಮಾತ್ರ ಯೋಚಿಸಿ ತೀರ್ಮಾನಿಸಿದೆ: ಯೂನಿಟ್‌ಗಳ ಲೆಕ್ಕವನ್ನು ಇಎಸ್‌ಪಿ32 ಮಾಡದೆ ಮಾಡ್ಯೂಲೇ ಮಾಡಲಿ. ವೈಫೈ ಕಡಿದುಹೋದರೂ ವಿದ್ಯುತ್ ಹೋಗಿ ಬಂದರೂ ಮಾಡ್ಯೂಲಿನ ನೆನಪಿನಲ್ಲಿ ಒಟ್ಟು ಬಳಕೆ ಉಳಿದಿರುತ್ತದೆ, ಆದ್ದರಿಂದ ಎರಡು ಓದುವಿಕೆಗಳ ವ್ಯತ್ಯಾಸದಲ್ಲಿ ತೂತು ಬೀಳುವುದಿಲ್ಲ.

ಇನ್ನು ನಂಬುವ ಮೊದಲು ಪರೀಕ್ಷೆ. ಇಎಸ್‌ಪಿ32ಕ್ಕೆ ಪವರ್ ಬ್ಯಾಂಕಿನಿಂದ ವಿದ್ಯುತ್ ಕೊಟ್ಟು, ಮನೆಯ ಉಳಿದೆಲ್ಲ ಎಂಸಿಬಿಗಳನ್ನು ಆರಿಸಿ, 230 ವೋಲ್ಟಿನಲ್ಲಿ 2000 ವ್ಯಾಟ್ ಎಂದು ನಮೂದಾಗಿರುವ ಹೀಟರೊಂದನ್ನೇ ಹಾಕಿದೆ. ಮಾಪಕ 224 ವೋಲ್ಟ್, 1668 ವ್ಯಾಟ್ ಎಂದಿತು. ಹೀಟರಿನ ಬಳಕೆ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ 224 ವೋಲ್ಟಿನಲ್ಲಿ ಅದು 1897ರ ಆಸುಪಾಸಿನಲ್ಲಿರಬೇಕಿತ್ತು. ಮೀಟರಿನ ಕೆಂಪು ದೀಪವನ್ನೇ ಮತ್ತೆ ಕೇಳಿದೆ: 200 ಮಿನುಗುಗಳಿಗೆ 118.6 ಸೆಕೆಂಡು, ಅಂದರೆ 1897 ವ್ಯಾಟ್. ಮಾಪಕ ಶೇಕಡ 12ರಷ್ಟು ಕಡಿಮೆ ಹೇಳುತ್ತಿತ್ತು, ಪವರ್ ಫ್ಯಾಕ್ಟರ್ ಸರಿಯಾಗಿಯೇ ಇತ್ತು, ಆದ್ದರಿಂದ ತಪ್ಪು ಕರೆಂಟಿನ ಅಳತೆಯಲ್ಲಿಯೇ ಇರಬೇಕಿತ್ತು.

ಎಲೆಕ್ಟ್ರಿಷಿಯನ್ ಮರುದಿನ ಬಂದು ಬೋರ್ಡ್ ತೆರೆದಾಗ ಕಾರಣ ಕಣ್ಣಿಗೇ ಕಂಡಿತು. ಇನ್ಸುಲೇಷನ್ ಟೇಪಿನ ಸಣ್ಣ ಚೂರೊಂದು ಸಿ.ಟಿ.ಯ ಎರಡು ದವಡೆಗಳ ನಡುವೆ ಸಿಕ್ಕಿಕೊಂಡಿತ್ತು. ಬಾಯಿ ತೆರೆಯುವ ಸಿ.ಟಿ.ಯಲ್ಲಿ ಫೆರೈಟಿನ ಎರಡು ಮುಖಗಳು ಪೂರ್ತಿ ಅಂಟಿ ಕೂರದಿದ್ದರೆ ಕಾಂತಕ್ಷೇತ್ರದ ದಾರಿಯಲ್ಲಿ ಬಿರುಕು ಬಿಟ್ಟಂತಾಗಿ ಸುರುಳಿಗೆ ತಲುಪಬೇಕಾದ ಪಾಲು ಕಡಿಮೆಯಾಗುತ್ತದೆ; ಕೂದಲೆಳೆಯಷ್ಟು ಸಂದಿಗೂ ಅಳತೆ ಜಾರುತ್ತದೆ. ಚೂರನ್ನು ತೆಗೆದು, ಮುಖಗಳನ್ನು ಒಣ ಬಟ್ಟೆಯಿಂದ ಒರೆಸಿ, ಕ್ಲಿಪ್ಪಿನ ಸದ್ದು ಕೇಳುವವರೆಗೆ ಮುಚ್ಚಿದ ಮೇಲೆ ಅದೇ ಪರೀಕ್ಷೆಯಲ್ಲಿ 1889 ವ್ಯಾಟ್ ಬಂತು. ಬಳಿಕ ಏಳು ದಿನ ಎರಡನ್ನೂ ಬರೆದಿಟ್ಟೆ. ಮೀಟರ್ 38.6 ಯೂನಿಟ್ ಮುಂದೆ ಹೋಗಿತ್ತು, ಮಾಪಕ 38.3. ಶೇಕಡ ಒಂದರೊಳಗಿನ ಈ ವ್ಯತ್ಯಾಸ ನನ್ನ ಉದ್ದೇಶಕ್ಕೆ ಬೇಕಾದುದಕ್ಕಿಂತ ಹೆಚ್ಚು ನಿಖರ. ಆ ಏಳು ದಿನಗಳಲ್ಲಿ ವೋಲ್ಟೇಜ್ 216ರಿಂದ 241ರವರೆಗೆ ಏರಿಳಿದದ್ದನ್ನು ಕಂಡ ಮೇಲೆ, 230 ಎಂದು ಊಹಿಸಿ ಗುಣಿಸುತ್ತಿದ್ದ ಮೊದಲ ಮಾಪಕ ಪವರ್ ಫ್ಯಾಕ್ಟರ್ ಒಂದಾಗಿದ್ದಾಗಲೂ ಹಲವು ವ್ಯಾಟ್ ಅತ್ತಿತ್ತ ಹೇಳುತ್ತಿತ್ತೆಂಬುದು ಖಚಿತವಾಯಿತು.

ಈಗ ರಾತ್ರಿಯ ಗೆರೆಯನ್ನು ನಂಬಿಕೆಯಿಂದ ನೋಡಬಹುದಾಗಿತ್ತು. ಒಂದು ಗಂಟೆಯಿಂದ ಐದು ಗಂಟೆಯವರೆಗಿನ ನಕ್ಷೆ ಕೋಟೆಯ ತೆನೆಗಳಂತಿತ್ತು: 38 ವ್ಯಾಟಿನ ಸಮತಟ್ಟು, ಅಲ್ಲಿಂದ ಒಮ್ಮೆಲೇ 120ಕ್ಕೆ ಏರಿಕೆ, ಮತ್ತೆ 38ಕ್ಕೆ ಇಳಿತ. 82 ವ್ಯಾಟಿನ ಆ ಏರಿಕೆ ಫ್ರಿಜ್ಜಿನದು. ಪ್ರತಿ ಏರಿಕೆಯ ಆರಂಭದಲ್ಲಿ ಕಂಪ್ರೆಸರ್ ಹೊರಡುವ ಕ್ಷಣದ ಮೊನೆಯೊಂದು ಕೆಲವು ಸಲ ಸಿಕ್ಕಿಬೀಳುತ್ತಿತ್ತು. ಮನೆಯ ಒಟ್ಟು ಬಳಕೆಯ ಒಂದೇ ಗೆರೆಯಲ್ಲಿನ ಮೆಟ್ಟಿಲುಗಳನ್ನು ನೋಡಿ ಯಾವ ಉಪಕರಣ ಹೊತ್ತಿತು, ಯಾವುದು ಆರಿತು ಎಂದು ಗುರುತಿಸುವ ವಿಧಾನವನ್ನು ಜಾರ್ಜ್ ಹಾರ್ಟ್ ರೂಪಿಸಿದ್ದು 1980ರ ದಶಕದಲ್ಲಿ, ಅಮೆರಿಕದ ಎಂಐಟಿಯಲ್ಲಿ. ಅದರ ಪ್ರಸಿದ್ಧ ಪ್ರಬಂಧ 1992ರಲ್ಲಿ ಪ್ರಕಟವಾಯಿತು. ಅದೇ ಉಪಾಯವನ್ನು ನಾನು ಪೆನ್ಸಿಲ್ ಹಿಡಿದು ಮಾಡಿದೆ. ಎಣಿಸಿದಾಗ ಫ್ರಿಜ್ ಗಂಟೆಗೆ 42 ನಿಮಿಷ ಓಡುತ್ತಿತ್ತು. ರಾತ್ರಿಯಲ್ಲಿ, ಬಾಗಿಲನ್ನು ಯಾರೂ ತೆರೆಯದ ಹೊತ್ತಿನಲ್ಲಿ, ಇದು ಅತಿಯಾಯಿತು.

ಪ್ಲಗ್ ಕಿತ್ತು ಪರೀಕ್ಷಿಸಿದೆ. ಬಾಗಿಲಿನ ರಬ್ಬರ್ ಗ್ಯಾಸ್ಕೆಟ್ಟಿನ ನಡುವೆ ಕಾಗದದ ಪಟ್ಟಿ ಇಟ್ಟು ಮುಚ್ಚಿ ಎಳೆದರೆ ಎಲ್ಲ ಕಡೆಯೂ ಬಿಗಿಯಾಗಿ ಹಿಡಿಯಿತು, ಕೆಳಗಿನ ಹಿಂಜಿನ ಮೂಲೆಯಲ್ಲಿ ಮಾತ್ರ ಸಲೀಸಾಗಿ ಜಾರಿ ಬಂತು. ಅಲ್ಲಿ ಗ್ಯಾಸ್ಕೆಟ್ ಒಳಕ್ಕೆ ಮಡಚಿಕೊಂಡಿತ್ತು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮೂಲೆಗೆ ಒತ್ತಿ ಹಿಡಿದು, ರಬ್ಬರ್ ಮೆತ್ತಗಾದಾಗ ಆಕಾರಕ್ಕೆ ತಂದೆ. ಹಿಂಭಾಗದ ಕಂಡೆನ್ಸರ್ ಕೊಳವೆಗಳ ಮೇಲೆ ದಟ್ಟವಾಗಿ ಕೂತಿದ್ದ ಧೂಳನ್ನು ಬ್ರಷ್ಷಿನಿಂದ ತೆಗೆದೆ. ಮರುರಾತ್ರಿ ಓಟ ಗಂಟೆಗೆ 25 ನಿಮಿಷಕ್ಕೆ ಇಳಿಯಿತು. ದಿನಕ್ಕೆ 1.38 ಯೂನಿಟ್ ತಿನ್ನುತ್ತಿದ್ದುದು 0.82ಕ್ಕೆ ಬಂದಿತ್ತು.

ಉಳಿದ 38 ವ್ಯಾಟಿನ ಸಮತಟ್ಟನ್ನು ಬಿಡಿಸಲು ಒಂದೊಂದೇ ಪ್ಲಗ್ ಕೀಳುತ್ತ ಗೆರೆ ಎಷ್ಟು ಇಳಿಯುತ್ತದೆ ಎಂದು ನೋಡಿದೆ. ಮನೆಯ ಯುಪಿಎಸ್ 12 ವ್ಯಾಟ್, ಸೆಟ್‌ಟಾಪ್ ಬಾಕ್ಸ್ 11, ರೌಟರ್ 9, ಉಳಿದವೆಲ್ಲ ಸೇರಿ 6. ಇವುಗಳಲ್ಲಿ ಸೆಟ್‌ಟಾಪ್ ಬಾಕ್ಸ್ ನನ್ನನ್ನು ತಡೆದು ನಿಲ್ಲಿಸಿತು. ರಿಮೋಟಿನಲ್ಲಿ ಆರಿಸಿದಾಗ 11 ವ್ಯಾಟ್, ಕಾರ್ಯಕ್ರಮ ನೋಡುವಾಗ 12. ಆರಿಸುವುದೆಂದರೆ ಮುಂದಿನ ಸಣ್ಣ ದೀಪದ ಬಣ್ಣ ಬದಲಾಗುವುದಷ್ಟೇ. ಒಂದು ವ್ಯಾಟ್ ವರ್ಷವಿಡೀ ಉರಿದರೆ 8.76 ಯೂನಿಟ್, ಹನ್ನೊಂದಕ್ಕೆ 96 ಯೂನಿಟ್. ಅದಕ್ಕೆ ಈಗ ಗೋಡೆಯ ಸ್ವಿಚ್ಚೇ ಗತಿ.

ಮೊಬೈಲ್ ಸಿಕ್ಕಿಸದ ಬರಿಯ ಚಾರ್ಜರಿನಂಥ ಅತಿ ಸಣ್ಣ ಬಳಕೆಗಳು ಮಾಡ್ಯೂಲಿನ 0.4 ವ್ಯಾಟಿನ ಹೊಸ್ತಿಲಿನ ಕೆಳಗೆ ಉಳಿಯುತ್ತವೆ. ಅವನ್ನು ಅಳೆಯಲು ಒಂದು ಹಳೆಯ ಉಪಾಯವಿದೆ. ಎಕ್ಸ್‌ಟೆನ್ಷನ್ ಬಾಕ್ಸಿನ ಫೇಸ್ ತಂತಿಯನ್ನು, ಅದರ ಹೊದಿಕೆ ಕೆಡದಂತೆ, ಮತ್ತೊಂದು ಮಾಡ್ಯೂಲಿನ ಸಿ.ಟಿ.ಯೊಳಗಿಂದ ಹತ್ತು ಸಲ ಸುತ್ತಿಸಿದರೆ ಅದೇ ಕರೆಂಟ್ ಹತ್ತು ಸಲ ಹಾದುಹೋದಂತಾಗಿ ಓದುವಿಕೆ ಹತ್ತು ಪಟ್ಟಾಗುತ್ತದೆ. ಹೀಗೆ ನೋಡಿದಾಗ ಚಾರ್ಜರಿಗೆ 1.6 ಎಂದು ಬಂತು, ಹತ್ತರಿಂದ ಭಾಗಿಸಿದರೆ 0.16 ವ್ಯಾಟ್. ಚಾರ್ಜರನ್ನು ಪ್ಲಗ್ಗಿನಲ್ಲಿಯೇ ಬಿಟ್ಟರೆಂದು ಮನೆಯವರನ್ನು ನಾನು ಆಕ್ಷೇಪಿಸುತ್ತಿದ್ದುದಕ್ಕೆ ಬಳಕೆಯ ದೃಷ್ಟಿಯಿಂದ ಆಧಾರವಿರಲಿಲ್ಲ, ಆ ಮಾತನ್ನು ಹಿಂತೆಗೆದುಕೊಂಡಿದ್ದೇನೆ.

ಫ್ರಿಜ್ಜಿನ ಕಥೆ ಅಲ್ಲಿಗೇ ಮುಗಿಯಲಿಲ್ಲ. ಎರಡು ವಾರಗಳಲ್ಲಿ ಓಟ 25 ನಿಮಿಷದಿಂದ 28ಕ್ಕೆ, ಆಮೇಲೆ 31ಕ್ಕೆ ಏರಿತು. ಕಾಗದದ ಪಟ್ಟಿ ಅದೇ ಮೂಲೆಯಲ್ಲಿ ಮತ್ತೆ ಜಾರತೊಡಗಿತ್ತು. ಗಡುಸಾದ ರಬ್ಬರ್ ತನ್ನ ಹಳೆಯ ಮಡಿಕೆಗೆ ಮರಳಿತ್ತು. ಅದೇ ಮಾದರಿಯ ಹೊಸ ಗ್ಯಾಸ್ಕೆಟ್ ತರಿಸಿ, ಹಳೆಯದನ್ನು ಬಾಗಿಲಿನ ಅಂಚಿನ ತೋಡಿನಿಂದ ಎಳೆದು ತೆಗೆದು, ಹೊಸದನ್ನು ಮೂಲೆಗಳಿಂದ ಆರಂಭಿಸಿ ಒತ್ತುತ್ತ ಕೂರಿಸಿದೆ. ಕಳೆದ ಹತ್ತು ರಾತ್ರಿಗಳಿಂದ ಕಂಪ್ರೆಸರ್ ಗಂಟೆಗೆ 22 ನಿಮಿಷ ಮಾತ್ರ ಓಡುತ್ತಿದೆ, ಸೆಟ್‌ಟಾಪ್ ಬಾಕ್ಸ್ ಕಳೆದು ಉಳಿದ ಸಮತಟ್ಟು 27 ವ್ಯಾಟಿನಲ್ಲಿ ನಿಂತಿದೆ.